ತೋಡಿದ ಗುಂಡಿಗೆ ಹೊಣೆ ಯಾರು?

(ಕುಟುಂಬದಲ್ಲಿ ಓದಿ ಧ್ಯಾನಿಸಲು: ಆದಿಕಾಂಡ 2:15, ವಿಮೋಚನಾಕಾಂಡ 21:33-34, ಯೋಬನ ಗ್ರಂಥ 28)



ಕನಕಪುರದಿಂದ ಸಾತನೂರಿನ ಕಡೆಗೆ ಹೋದವರಿಗೆಲ್ಲ ಕಬ್ಬಾಳು ದುರ್ಗದ ಪರಿಚಯವಿದ್ದೇ ಇರುತ್ತದೆ. ಒಂದೇ ಬಂಡೆಯನ್ನು ಎತ್ತಿ ನಿಲ್ಲಿಸಿದಂತಿರುವ ಬೆಟ್ಟ, ಅದರ ನೆತ್ತಿಯ ಮೇಲೆ ಹಿಂದಿನ ಕಾಲದಲ್ಲಿ ಸೆರೆಮನೆಯೂ ಆಗಿದ್ದ ಹಳೆಯ ಕೋಟೆ, ತಪ್ಪಲಿನಲ್ಲಿ ಕಬ್ಬಾಳಮ್ಮನ ಗುಡಿ. ಈ ಸೀಮೆಯಲ್ಲಿ ಹುಟ್ಟಿದವರಿಗೆ ಬಂಡೆ ಎಂಬುದು ನೋಡುವ ವಸ್ತು ಮಾತ್ರವಲ್ಲ. ಮನೆಯ ಚಪ್ಪಡಿ, ಹೊಲದ ಬೇಲಿಗೆ ನೆಟ್ಟ ಕೂಚ, ಅಂಗಳದ ಒರಳು, ಕೊನೆಗೆ ಸಮಾಧಿಯ ಮೇಲಿನ ಶಿಲುಬೆ, ಎಲ್ಲವೂ ಬಂಡೆಯಿಂದಲೇ ಬಂದದ್ದು. ಅನೇಕ ಮನೆಗಳಿಗೆ ಅನ್ನವೂ ಅಲ್ಲಿಂದಲೇ ಬರುತ್ತದೆ.

ಕೆಲವು ತಿಂಗಳ ಹಿಂದೆ ಒಂದು ಭಾನುವಾರ, ಸೃಷ್ಟಿಯನ್ನು ಕಾಪಾಡುವುದರ ಬಗ್ಗೆ ನಾನು ಪ್ರಸಂಗ ಮಾಡಿದೆ. ಬಲಿಪೂಜೆ ಮುಗಿದು ಹೊರಗೆ ಬಂದಾಗ ಕಲ್ಲುಕೋರೆಯಲ್ಲಿ ದುಡಿಯುವ ಒಬ್ಬ ಸಹೋದರರು ನನ್ನನ್ನು ನಿಲ್ಲಿಸಿ ಕೇಳಿದರು: "ಸ್ವಾಮಿ, ಬೆಟ್ಟ ದೇವರ ಸೃಷ್ಟಿ ಅಂದ್ರಿ, ಒಪ್ಕೋತೀನಿ. ಆದ್ರೆ ಇಪ್ಪತ್ತು ವರ್ಷದಿಂದ ಬಂಡೆ ಒಡ್ದೇ ನಾನು ಮಕ್ಕಳನ್ನ ಓದಿಸ್ತಿರೋದು. ನಾಳೆ ಕ್ವಾರಿ ನಿಂತೋದ್ರೆ ನಮ್ಮನೆ ಒಲೆ ಹಚ್ಚೋರು ಯಾರು?"

ನಾನು ಉತ್ತರ ಹುಡುಕುತ್ತಿದ್ದಂತೆಯೇ ಪಕ್ಕದಲ್ಲಿ ನಿಂತಿದ್ದ ಒಬ್ಬ ತಾಯಿ ಹೇಳಿದರು: "ಕ್ರಷರ್ ಧೂಳು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತ್ಕತದೆ ಸ್ವಾಮಿ. ನಾಲ್ಕನೇ ಜ್ವರದಿಂದ ಎದ್ದ ಹುಳ ಸೊಪ್ಪು ಮುಟ್ಟದೇ ಹೋಯ್ತು. ಗೂಡು ಕಟ್ಲೇ ಇಲ್ಲ. ನಮ್ಮನೆ ಒಲೆ ಕಥೆ ಏನು?"

ಇಬ್ಬರೂ ನನ್ನವರೇ. ಇಬ್ಬರೂ ಒಂದೇ ಬಲಿಪೀಠದಿಂದ ಪರಮಪ್ರಸಾದ ಸ್ವೀಕರಿಸಿ ಬಂದವರು. ಅವರಿಬ್ಬರ ನಡುವೆ ನಾನು ನಿಂತಿದ್ದುದು ನಮ್ಮ ದೇವಾಲಯದ ಹೊಸ ಗ್ರಾನೈಟ್ ಮೆಟ್ಟಿಲುಗಳ ಮೇಲೆ. ಆ ಕಲ್ಲನ್ನು ಕೊಳ್ಳುವಾಗ ನಾನು ದರ ಕೇಳಿದ್ದೆ, ಬಣ್ಣ ನೋಡಿದ್ದೆ. ಅದು ಯಾವ ಬೆಟ್ಟದಿಂದ, ಯಾರ ಕೈಯಿಂದ, ಯಾವ ಪರವಾನಗಿಯ ಮೇಲೆ ಬಂತೆಂದು ಕೇಳಿರಲಿಲ್ಲ. ಅಂದು ಆ ಇಬ್ಬರಿಗೂ ಸರಿಯಾದ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಅದನ್ನು ನಿಮ್ಮೊಂದಿಗೆ ಸೇರಿ ಹುಡುಕಲು ಈ ಲೇಖನ.

ದೇವರು ಕೊಟ್ಟ ಕಲ್ಲು

ಮೊದಲಿಗೆ ನಮ್ಮ ಕಾಲ ಕೆಳಗಿನ ಕಲ್ಲನ್ನೇ ನೋಡೋಣ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಬ್ಯಾರಿ ಕ್ಲೋಸ್ ಅವರಿಂದ ಬಂದ ಹೆಸರು. ಊರಿನ ಹೆಸರು ಬದಲಾಯಿತು. ರಾಮನಗರ ಜಿಲ್ಲೆಯ ಹೆಸರೂ 2025ರಲ್ಲಿ ಬೆಂಗಳೂರು ದಕ್ಷಿಣ ಎಂದಾಯಿತು. ಆದರೆ ಇಲ್ಲಿನ ಕಲ್ಲಿಗೆ ಭೂವಿಜ್ಞಾನಿಗಳು ಇಂದಿಗೂ 'ಕ್ಲೋಸ್‌ಪೇಟೆ ಗ್ರಾನೈಟ್' ಎಂದೇ ಹೇಳುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಕನಕಪುರದ ಬಹುವರ್ಣದ ಗ್ರಾನೈಟ್ ಹೊರದೇಶಗಳಿಗೂ ಹೋಗಿದೆ.

ಕಬ್ಬಾಳಿಗೆ ಇನ್ನೂ ಒಂದು ಹಿರಿಮೆಯಿದೆ. ಅಲ್ಲಿನ ಕಲ್ಲುಕೋರೆಯಲ್ಲಿ ಬೂದುಬಣ್ಣದ ಬಂಡೆಯ ಬಿರುಕುಗಳ ಗುಂಟ ಕಪ್ಪು-ಹಸಿರು ಬಣ್ಣದ ಇನ್ನೊಂದು ಕಲ್ಲು ಹಬ್ಬಿರುವುದು ಕಾಣುತ್ತದೆ. ಒಂದು ಕಲ್ಲು ಮತ್ತೊಂದಾಗಿ ಮಾರ್ಪಡುತ್ತಿರುವಾಗಲೇ ಅರ್ಧಕ್ಕೆ ನಿಂತುಹೋದ ಗುರುತು ಅದು. ಭೂಮಿಯ ಬಹಳ ಆಳದಲ್ಲಿ ನಡೆದ ಈ ಮಾರ್ಪಾಡನ್ನು ಭೂವಿಜ್ಞಾನಿ ಸಿ. ಎಸ್. ಪಿಚಮುತ್ತು ಅವರು 1960ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಜಗತ್ತಿಗೆ ತಿಳಿಸಿದರು. ಅಂದಿನಿಂದ ಬೇರೆ ಬೇರೆ ದೇಶಗಳ ವಿದ್ವಾಂಸರು ಕಬ್ಬಾಳಿನ ಕಲ್ಲನ್ನು ಅಭ್ಯಾಸ ಮಾಡಿದ್ದಾರೆ. ಈ ಎರಡನೆಯ ಕಲ್ಲಿನ ಜಾತಿಗೆ ಚಾರ್ನೊಕೈಟ್ ಎಂದು ಹೆಸರು. ಕೋಲ್ಕತ್ತಾದ ಸಂತ ಜಾನರ ದೇವಾಲಯದ ಅಂಗಳದಲ್ಲಿರುವ ಜಾಬ್ ಚಾರ್ನಾಕ್ ಎಂಬವರ ಸಮಾಧಿಯ ಕಲ್ಲಿನಿಂದ ಆ ಹೆಸರು ಬಂತು.

ಇದನ್ನು ಹೇಳಿದ್ದಕ್ಕೆ ಕಾರಣವಿದೆ. ಕೋರೆ ತೆರೆಯದೇ ಇದ್ದಿದ್ದರೆ ಬಂಡೆಯ ಒಳಗಿನ ಈ ಬರಹ ಕಣ್ಣಿಗೆ ಬೀಳುತ್ತಿರಲಿಲ್ಲ. ಆದ್ದರಿಂದ ಕಲ್ಲು ತೆಗೆಯುವುದೇ ಪಾಪವೆಂದು ಹೇಳುವುದು ಸರಿಯಲ್ಲ. ಹಾಗೆಯೇ 250 ಕೋಟಿ ವರ್ಷದ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಮದ್ದಿಟ್ಟು ಜಲ್ಲಿ ಮಾಡುವವನು ತಾನು ಏನನ್ನು ಮುಟ್ಟುತ್ತಿದ್ದೇನೆಂದು ಕ್ಷಣ ಯೋಚಿಸಬೇಕು ಎನ್ನುವುದೂ ನಿಜ.

ಪವಿತ್ರ ಗ್ರಂಥದಲ್ಲಿ ಗಣಿಗಾರರು

ಬೈಬಲ್ಲಿನಲ್ಲಿ ಗಣಿಯ ಮಾತು ಎಲ್ಲಿ ಬರುತ್ತದೆಂದು ನೀವು ಕೇಳಬಹುದು. ಬರುತ್ತದೆ. ವಾಗ್ದಾನದ ನಾಡಿನ ಸಂಪತ್ತನ್ನು ವರ್ಣಿಸುವಾಗ ಧರ್ಮೋಪದೇಶಕಾಂಡವು (8:9) ಗೋಧಿ, ದ್ರಾಕ್ಷಿ, ಜೇನಿನ ಜೊತೆಗೆ ಅಲ್ಲಿನ ಕಲ್ಲುಗಳಲ್ಲಿರುವ ಕಬ್ಬಿಣವನ್ನೂ ಬೆಟ್ಟಗಳಿಂದ ತೆಗೆಯಬಹುದಾದ ತಾಮ್ರವನ್ನೂ ಎಣಿಸುತ್ತದೆ. ಖನಿಜ ದೇವರ ಕೊಡುಗೆ. ಅದನ್ನು ತೆಗೆಯುವ ದುಡಿಮೆಗೂ ಗೌರವವಿದೆ.

ಯೋಬನ ಗ್ರಂಥದ 28ನೆಯ ಅಧ್ಯಾಯವಂತೂ ಗಣಿ ಕೆಲಸದ ಚಿತ್ರವೇ ಆಗಿದೆ. ಮನುಷ್ಯರು ಊರಿನಿಂದ ದೂರ ಸುರಂಗ ತೋಡುತ್ತಾರೆ, ಹಗ್ಗಕ್ಕೆ ಜೋತುಬೀಳುತ್ತಾರೆ, ಗಟ್ಟಿ ಬಂಡೆಗೆ ಕೈಹಾಕಿ ಬೆಟ್ಟಗಳನ್ನು ಬುಡಸಮೇತ ಮಗುಚುತ್ತಾರೆ. ಬೆಳ್ಳಿ, ಬಂಗಾರ, ಕಬ್ಬಿಣ ಎಲ್ಲವೂ ಸಿಗುತ್ತದೆ. ಆಗ ಗ್ರಂಥಕರ್ತನು ಒಂದು ಪ್ರಶ್ನೆ ಕೇಳುತ್ತಾನೆ: ಇಷ್ಟು ಆಳಕ್ಕೆ ಇಳಿದವನಿಗೆ ಜ್ಞಾನ ಎಲ್ಲಿ ಸಿಗುತ್ತದೆ? ಯಾವ ಗಣಿಯಲ್ಲೂ ಅದು ಇಲ್ಲ, ದೇವರ ಭಯಭಕ್ತಿಯೇ ಜ್ಞಾನ ಎಂಬುದು ಅಲ್ಲಿಯ ಉತ್ತರ. ತೆಗೆಯುವ ಜಾಣ್ಮೆ ಬೇರೆ, ಎಷ್ಟು ತೆಗೆಯಬೇಕು, ಯಾರಿಗಾಗಿ ತೆಗೆಯಬೇಕು ಎಂಬ ವಿವೇಕ ಬೇರೆ. ಮೊದಲನೆಯದು ನಮ್ಮಲ್ಲಿ ಬೇಕಾದಷ್ಟಿದೆ.

ಆದಿಕಾಂಡದಲ್ಲಿ ದೇವರು ಮನುಷ್ಯನಿಗೆ ಭೂಮಿಯ ಮೇಲೆ ಅಧಿಕಾರ ಕೊಟ್ಟರೆಂಬುದನ್ನು (1:28) ಎಲ್ಲರೂ ನೆನಪಿಟ್ಟುಕೊಂಡಿದ್ದೇವೆ. ಮುಂದಿನ ಅಧ್ಯಾಯದಲ್ಲೇ (2:15) ತೋಟವನ್ನು ಉತ್ತು ಬೆಳೆಯುವುದಕ್ಕೂ ಕಾಯುವುದಕ್ಕೂ ಅವನನ್ನು ಅಲ್ಲಿರಿಸಿದರೆಂಬುದನ್ನು ಮರೆಯುತ್ತೇವೆ. ನಮ್ಮದು ಒಡೆಯನ ಅಧಿಕಾರವಲ್ಲ, ಮನೆವಾರ್ತೆ ನೋಡಿಕೊಳ್ಳುವವನ ಅಧಿಕಾರ. ಭೂಮಿ ತನ್ನದೆಂದೂ ನಾವು ಅದರಲ್ಲಿ ತಂಗಿರುವ ಪರದೇಶಿಗಳೆಂದೂ ದೇವರು ಯಾಜಕಕಾಂಡದಲ್ಲಿ (25:23) ಸ್ಪಷ್ಟಪಡಿಸಿದ್ದಾರೆ.

'ಸಮತೋಲನ' ಎಂಬ ತಕ್ಕಡಿ

ಇಂತಹ ವಿಷಯ ಬಂದಾಗಲೆಲ್ಲ ನಾವು 'ಅಭಿವೃದ್ಧಿಗೂ ಪರಿಸರಕ್ಕೂ ಸಮತೋಲನ ಬೇಕು' ಎನ್ನುತ್ತೇವೆ. ಒಳ್ಳೆಯ ಮಾತು. ಆದರೆ ಅದರಲ್ಲಿ ಒಂದು ಮೋಸ ಅಡಗಿರಬಹುದು. ತಕ್ಕಡಿಯ ಒಂದು ತಟ್ಟೆಯಲ್ಲಿ ಲಾಭ, ಇನ್ನೊಂದರಲ್ಲಿ ನಷ್ಟ ಇಟ್ಟು ತೂಗುತ್ತೇವೆ. ಎರಡೂ ಒಬ್ಬನದೇ ಆಗಿದ್ದರೆ ಆ ಲೆಕ್ಕ ಸರಿ. ಕಲ್ಲುಕೋರೆಯಲ್ಲಿ ಹಾಗಾಗುವುದಿಲ್ಲ. ಜಲ್ಲಿ ಬೆಂಗಳೂರಿನ ಕಟ್ಟಡಕ್ಕೆ ಹೋಗುತ್ತದೆ, ರಾಜಧನ ಸರ್ಕಾರಕ್ಕೆ ಹೋಗುತ್ತದೆ, ಲಾಭ ಗುತ್ತಿಗೆದಾರನಿಗೆ ಹೋಗುತ್ತದೆ. ಧೂಳು ಮಾತ್ರ ಊರಲ್ಲೇ ಉಳಿಯುತ್ತದೆ.

ಸಂತ ಥಾಮಸ್ ಅಕ್ವಿನಾಸರು ಆಸ್ತಿಯ ಬಗ್ಗೆ ಹೇಳಿದ ವಿಚಾರ ಇಲ್ಲಿ ದಾರಿ ತೋರಿಸುತ್ತದೆ. ಸ್ವಂತ ಆಸ್ತಿಯನ್ನು ಹೊಂದುವ, ಅದನ್ನು ನೋಡಿಕೊಳ್ಳುವ ಹಕ್ಕನ್ನು ಅವರು ಒಪ್ಪುತ್ತಾರೆ. ಆದರೆ ಅದರ ಬಳಕೆಯ ವಿಷಯ ಬಂದಾಗ ಎಲ್ಲರ ಹಿತಕ್ಕಾಗಿ ಇರುವ ವಸ್ತುವೆಂದೇ ಅದನ್ನು ಭಾವಿಸಬೇಕು ಎನ್ನುತ್ತಾರೆ. ಗುತ್ತಿಗೆ ಪತ್ರ ಕೈಯಲ್ಲಿದ್ದ ಮಾತ್ರಕ್ಕೆ ಬೆಟ್ಟದ ನೀರು, ತಪ್ಪಲಿನ ಗೋಮಾಳ, ಪಕ್ಕದವರ ಉಸಿರು ಯಾರ ಸ್ವತ್ತೂ ಆಗುವುದಿಲ್ಲ. ಪೋಪ್ ದ್ವಿತೀಯ ಜಾನ್ ಪೌಲರು 1990ರ ಜನವರಿ 1ರ ವಿಶ್ವಶಾಂತಿ ಸಂದೇಶದಲ್ಲಿ ಪರಿಸರದ ಬಿಕ್ಕಟ್ಟು ಮೂಲದಲ್ಲಿ ನೈತಿಕ ಬಿಕ್ಕಟ್ಟೆಂದು ತಿಳಿಸಿದರು. ದಿವಂಗತ ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸೀ' ವಿಶ್ವಪರಿಪತ್ರದಲ್ಲಿ, ಗಣಿ ಮುಗಿದ ಮೇಲೆ ಕಂಪನಿಗಳು ಬಿಟ್ಟುಹೋಗುವ ನಿರುದ್ಯೋಗ, ಬರಿದಾದ ಊರು, ಬಾಯಿತೆರೆದ ಗುಂಡಿ, ಸೀಳಿದ ಬೆಟ್ಟಗಳನ್ನು ಎತ್ತಿ ತೋರಿಸಿ, ಬಡವರಿಗೆ ತೀರಿಸಬೇಕಾದ ಸಾಲದ ಬಗ್ಗೆ ಎಚ್ಚರಿಸಿದರು.

ಹಾಗಾದರೆ ಸಮತೋಲನವೆಂದರೆ ಎರಡಕ್ಕೂ ಅರ್ಧರ್ಧ ಹಂಚುವುದಲ್ಲ. ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕು: ಯಾರಿಗೆ ಲಾಭ, ಯಾರಿಗೆ ನಷ್ಟ? ಹೋದದ್ದು ಮರಳಿ ಬರುತ್ತದೆಯೇ? ತೋಡಿದ ಗುಂಡಿಯನ್ನು ಮುಚ್ಚುವವರು ಯಾರು?

ನಮ್ಮ ನಾಡು ಕಲಿತ ಪಾಠಗಳು

ಈ ಮೂರು ಪ್ರಶ್ನೆಗಳನ್ನು ಕೇಳದೇ ಇದ್ದಾಗ ಏನಾಗುತ್ತದೆಂದು ಕರ್ನಾಟಕ ದುಬಾರಿ ಬೆಲೆ ತೆತ್ತು ಕಲಿತಿದೆ.

ಬಳ್ಳಾರಿಯನ್ನು ನೋಡಿ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿತು. ಸಂಡೂರು, ಹೊಸಪೇಟೆಯ ರಸ್ತೆಗಳಲ್ಲಿ ಹಗಲು-ರಾತ್ರಿ ಲಾರಿಗಳು. ಹೊಲಗಳ ಮೇಲೆ ಕೆಂಪು ಧೂಳು. ಗುತ್ತಿಗೆಯ ಗಡಿ ದಾಟಿ ಅರಣ್ಯದಲ್ಲಿ ಅಗೆದರು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2008ರ ಡಿಸೆಂಬರಿನಲ್ಲೂ 2011ರ ಜುಲೈನಲ್ಲೂ ವರದಿಗಳನ್ನು ಕೊಟ್ಟರು. ಸಮಾಜ ಪರಿವರ್ತನ ಸಮುದಾಯವು 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈ 29ರಂದು ಬಳ್ಳಾರಿಯಲ್ಲೂ, ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ತುಮಕೂರಿನಲ್ಲೂ ಗಣಿಗಾರಿಕೆ ನಿಂತಿತು. ಆಗ ಮೊದಲು ಬೀದಿಗೆ ಬಿದ್ದವರು ದೊಡ್ಡವರಲ್ಲ; ಸಾಲ ಮಾಡಿ ಲಾರಿ ಕೊಂಡವರು, ಚಾಲಕರು, ಕೂಲಿಗಳು. ಗಣಿಗಳನ್ನು ಎ, ಬಿ, ಸಿ ಎಂದು ಮೂರು ವರ್ಗಗಳಾಗಿ ವಿಂಗಡಿಸಿ, 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಅತಿ ಹೆಚ್ಚು ಅಕ್ರಮ ನಡೆಸಿದ್ದ ಸಿ ವರ್ಗದ ಗುತ್ತಿಗೆಗಳನ್ನು ರದ್ದುಗೊಳಿಸಲಾಯಿತು. ಬಳ್ಳಾರಿಗೆ ವರ್ಷಕ್ಕೆ ಎರಡೂವರೆ ಕೋಟಿ ಟನ್, ಉಳಿದೆರಡು ಜಿಲ್ಲೆಗಳಿಗೆ ಸೇರಿ 50 ಲಕ್ಷ ಟನ್ ಮಿತಿ ಹಾಕಲಾಯಿತು. 2022ರ ಆಗಸ್ಟಿನಲ್ಲಿ ಈ ಮಿತಿಯನ್ನು ಮೂರೂವರೆ ಕೋಟಿ ಮತ್ತು ಒಂದೂವರೆ ಕೋಟಿ ಟನ್ನಿಗೆ ಏರಿಸಲಾಯಿತು. ಮುಂದಿನ ಪೀಳಿಗೆಗೂ ಪಾಲಿದೆಯೆಂಬ ತತ್ವ ಈ ಮಿತಿಯ ಹಿಂದಿದೆ. ಮನೆಯಲ್ಲಿ ತಾಯಿ ಕಣಜದಿಂದ ರಾಗಿ ತೆಗೆಯುವಾಗ ಬಿತ್ತನೆಗೆಂದು ಒಂದಿಷ್ಟು ಎತ್ತಿಡುವುದಿಲ್ಲವೇ? ಅದೇ ವಿವೇಕ ಇದು.

ಕುದುರೆಮುಖದಲ್ಲಿ ಕೇಂದ್ರ ಸರ್ಕಾರದ ಕಂಪನಿಯೇ 1976ರಿಂದ ಇತ್ತು. ಅಲ್ಲಿ ನಡೆದದ್ದು ಕಳ್ಳ ಗಣಿಯಲ್ಲ. ಆದರೂ ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಮಳೆಕಾಡು ಅದು. 1987ರಿಂದ ರಾಷ್ಟ್ರೀಯ ಉದ್ಯಾನ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಅಲ್ಲಿ ಗಣಿಗಾರಿಕೆ ನಿಂತಿತು. ಕಾನೂನುಬದ್ಧವಾದದ್ದೆಲ್ಲ ಎಲ್ಲ ಕಡೆಗೂ ತಕ್ಕದ್ದಲ್ಲ ಎಂಬುದು ಆ ಪಾಠ. ನಾಬೋತನು ಅರಸ ಅಹಾಬನಿಗೆ ತನ್ನ ದ್ರಾಕ್ಷಿತೋಟವನ್ನು ಒಳ್ಳೆಯ ಬೆಲೆಗೂ ಕೊಡಲೊಪ್ಪದೇ ಇದ್ದುದನ್ನು (ಅರಸರು-1, 21) ನೆನೆಯಿರಿ. ಕೆಲವು ಸ್ಥಳಗಳಿಗೆ ಬೆಲೆ ಕಟ್ಟಲಾಗದು.

ಕೋಲಾರದ ಚಿನ್ನದ ಗಣಿಯ ಕಥೆ ನಮ್ಮ ಅನೇಕ ಕುಟುಂಬಗಳ ಕಥೆಯೇ. 1880ರಿಂದ ನೂರಿಪ್ಪತ್ತು ವರ್ಷ, ಮೂರು ಕಿಲೋಮೀಟರಿಗೂ ಹೆಚ್ಚು ಆಳದಿಂದ ಸುಮಾರು 800 ಟನ್ ಚಿನ್ನ ಬಂತು. ಅದಕ್ಕೆಂದೇ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹರಿಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನ ಲೋಕಕ್ಕೆಲ್ಲ ಹಂಚಿಹೋಯಿತು. ಗಣಿಯವರಿಗೆ ಉಳಿದದ್ದು ಸಯನೈಡ್ ಬೆರೆತ ಮಣ್ಣಿನ ದಿಬ್ಬಗಳು, ಧೂಳು ತಿಂದ ಶ್ವಾಸಕೋಶಗಳು, ಮತ್ತು ಕೂಲಿಗಾಗಿ ದಿನವೂ ಬೆಂಗಳೂರಿಗೆ ಹೋಗಿಬರುವ ರೈಲು. ಗಣಿ ಎಂದಾದರೊಂದು ದಿನ ಮುಗಿದೇ ಮುಗಿಯುತ್ತದೆ. ಅದು ನಡೆಯುತ್ತಿರುವಾಗಲೇ ಮುಂದಿನದಕ್ಕೆ ಸಿದ್ಧತೆ ಮಾಡದಿದ್ದರೆ ದುಡಿದವನಿಗೇ ಅನ್ಯಾಯ.

ಗುಂಡಿಯ ಒಡೆಯನ ಕಾನೂನು

ಈಗ ನಮ್ಮ ಸೀಮೆಗೆ ಮರಳೋಣ. ವಿಮೋಚನಾಕಾಂಡದಲ್ಲಿ (21:33-34) ಒಂದು ಚಿಕ್ಕ ಕಟ್ಟಳೆಯಿದೆ. ಯಾರಾದರೂ ಗುಂಡಿ ತೆರೆದು ಅಥವಾ ತೋಡಿ ಮುಚ್ಚದೆ ಬಿಟ್ಟು, ಅದರಲ್ಲಿ ಎತ್ತೋ ಕತ್ತೆಯೋ ಬಿದ್ದು ಸತ್ತರೆ, ಗುಂಡಿಯ ಒಡೆಯನೇ ನಷ್ಟ ತುಂಬಿಕೊಡಬೇಕು. ಮೂರು ಸಾವಿರ ವರ್ಷದ ಹಿಂದಿನ ಕುರುಬರಿಗೆ ಕೊಟ್ಟ ಈ ಕಟ್ಟಳೆ ಇಂದಿನ ಕಲ್ಲುಕೋರೆಗೆಂದೇ ಬರೆದಂತಿದೆ. ಗಮನಿಸಿ: ಗುಂಡಿ ತೋಡಬೇಡ ಎಂದು ಅದು ಹೇಳುವುದಿಲ್ಲ. ನೀರಿಗಾಗಿ ಗುಂಡಿ ಬೇಕು. ಆದರೆ ತೋಡಿದವನ ಹೊಣೆ ತೋಡುವ ಕೆಲಸ ಮುಗಿದಾಗ ಮುಗಿಯುವುದಿಲ್ಲ. ಮಾಳಿಗೆಗೆ ಕೈಪಿಡಿ ಗೋಡೆ ಕಟ್ಟದೆ ಯಾರಾದರೂ ಬಿದ್ದರೆ ಮನೆಯವನೇ ಹೊಣೆಯೆಂದು ಧರ್ಮೋಪದೇಶಕಾಂಡವೂ (22:8) ಹೇಳುತ್ತದೆ.

ಕಲ್ಲು ತೆಗೆದು ಬಿಟ್ಟ ಹೊಂಡಗಳಲ್ಲಿ ಮಳೆನೀರು ನಿಲ್ಲುತ್ತದೆ. ನೋಡಲು ತಿಳಿನೀರು, ಅಂಚು ನೇರವಾಗಿ ಕಡಿದದ್ದು, ಕಾಲಿಡಲು ಮೆಟ್ಟಿಲಿಲ್ಲ. ಈಜಲು ಇಳಿದ ಹುಡುಗರು, ಬಟ್ಟೆ ಒಗೆಯಲು ಹೋದ ಹೆಂಗಸರು ಇಂತಹ ಹೊಂಡಗಳಲ್ಲಿ ಜೀವ ಕಳೆದುಕೊಂಡ ಸುದ್ದಿ ನಾಡಿನ ನಾನಾ ಕಡೆಗಳಿಂದ ಬರುತ್ತಲೇ ಇರುತ್ತದೆ. ಹಾಗೆ ಹೋದ ಒಬ್ಬ ಹುಡುಗನ ಅಂತ್ಯಕ್ರಿಯೆಯನ್ನು ನಾನೇ ನಡೆಸಿದ್ದೇನೆ. ಆ ಹೊಂಡದ ಸುತ್ತ ನಾಲ್ಕು ಕೂಚ ನೆಟ್ಟು ಮುಳ್ಳುತಂತಿ ಎಳೆದಿದ್ದರೆ ಸಾಕಿತ್ತು. ಬಂಡೆ ಒಡೆದ ಜಾಗದಲ್ಲಿ ಕೂಚಗಲ್ಲಿಗೆ ಬರವೇ?

ಗುಂಡಿಯೆಂದರೆ ನೆಲದ ಗುಂಡಿ ಮಾತ್ರವಲ್ಲ. ಇನ್ನು ಮೂರು ಬಗೆಯ ಗುಂಡಿಗಳಿವೆ.

ಒಂದು, ದುಡಿಯುವವನ ಎದೆಯೊಳಗಿನ ಗುಂಡಿ. ಕಲ್ಲು ಕೊರೆಯುವಾಗ ಏಳುವ ಸಣ್ಣ ಧೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶ ಗಟ್ಟಿಯಾಗಿ ಸಿಲಿಕೋಸಿಸ್ ಬರುತ್ತದೆ. ಕ್ಷಯ ಅಂಟುವ ಅಪಾಯವೂ ಹೆಚ್ಚುತ್ತದೆ. ಸಿಲಿಕೋಸಿಸ್‌ಗೆ ವಾಸಿಯಾಗುವ ಮದ್ದಿಲ್ಲ, ತಡೆಯುವ ದಾರಿಯಿದೆ: ನೀರು ಹಾಯಿಸಿ ಕೊರೆಯುವುದು, ಕ್ರಷರ್‌ಗೆ ಮುಚ್ಚಿಗೆ ಮತ್ತು ನೀರಿನ ತುಂತುರು, ತಕ್ಕ ಮುಖಗವಸು, ಕಾಲಕಾಲಕ್ಕೆ ಎದೆಯ ಎಕ್ಸ್-ರೇ. ಮದ್ದಿನ ವಿಷಯದಲ್ಲೂ ಅಷ್ಟೇ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಮರುತಿಂಗಳು ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಬಳಿ ಸ್ಫೋಟಕಗಳು ಸಿಡಿದು ಸತ್ತವರಲ್ಲಿ ದುಡಿಯಲು ಬಂದವರೇ ಹೆಚ್ಚು.

ಎರಡು, ಸಾಲದ ಗುಂಡಿ. ಮುಂಗಡ ಕೊಟ್ಟು, ಅದು ತೀರುವ ತನಕ ಕೋರೆ ಬಿಟ್ಟು ಹೋಗಬಾರದೆಂದು ಕಟ್ಟಿಹಾಕುವುದು ಜೀತ. 1976ರ ಕಾಯಿದೆ ಅದನ್ನು ರದ್ದು ಮಾಡಿದೆ. ಫರೀದಾಬಾದಿನ ಕಲ್ಲುಕೋರೆಗಳ ಜೀತದಾಳುಗಳ ಪರವಾಗಿ ಬಂದ ಒಂದು ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿ ಸುಪ್ರೀಂ ಕೋರ್ಟು 1983ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಹದಿನೆಂಟು ತುಂಬದವರನ್ನು ಗಣಿ ಕೆಲಸಕ್ಕೆ ಹಚ್ಚುವುದೂ ಅಪರಾಧ.

ಮೂರು, ನೀರಿನ ಗುಂಡಿ. ನಂದಿಬೆಟ್ಟದಲ್ಲಿ ಹುಟ್ಟಿ ರಾಮನಗರ, ಕನಕಪುರಗಳನ್ನು ಹಾದು ಸಂಗಮದಲ್ಲಿ ಕಾವೇರಿಯನ್ನು ಸೇರುವ ಅರ್ಕಾವತಿಯ ಮರಳು ಬರಿಯ ಮರಳಲ್ಲ. ಮಳೆಯ ನೀರನ್ನು ಹೀರಿ ಹಿಡಿದಿಡುವ ಹಾಸಿಗೆ. ಅದನ್ನು ಬಳಿದರೆ ಪಕ್ಕದ ಬಾವಿ ಒಣಗುತ್ತದೆ. ಈಗ ಮರಳಿನ ಬದಲು ಬಂಡೆಯನ್ನು ಪುಡಿಮಾಡಿದ ಎಂ-ಸ್ಯಾಂಡ್ ಬಂದಿದೆ. ಹೊಳೆಗೆ ಉಸಿರು ಸಿಕ್ಕಿತು, ಭಾರ ಬೆಟ್ಟದ ಮೇಲೆ ಬಿತ್ತು. ಬೆಟ್ಟದ ಮೈಯಿಂದ ಇಳಿಯುವ ಮಳೆನೀರಿನಿಂದಲೇ ತಪ್ಪಲಿನ ಕಟ್ಟೆ, ಕೆರೆಗಳು ತುಂಬುತ್ತವೆ. ಆ ಹಾದಿಯಲ್ಲಿ ಕಲ್ಲಿನ ತ್ಯಾಜ್ಯ ಸುರಿದರೆ ಕೆರೆಯ ಕಣ್ಣು ಮುಚ್ಚಿದಂತೆ.

ಕಾಪಾಡಲು ಆಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಸಾಕ್ಷಿಯಿದೆ. 'ಶೋಲೆ' ಚಿತ್ರದಿಂದ ಹೆಸರಾದ ರಾಮದೇವರ ಬೆಟ್ಟದ ಕಡಿದಾದ ಬಂಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. 2012ರಲ್ಲಿ ಸರ್ಕಾರ ಅದನ್ನು ರಣಹದ್ದು ಧಾಮವೆಂದು ಘೋಷಿಸಿತು. ರಣಹದ್ದುಗಳು ಅಳಿದದ್ದಕ್ಕೆ ಮುಖ್ಯ ಕಾರಣ ದನಗಳಿಗೆ ಕೊಡುತ್ತಿದ್ದ ಡಿಕ್ಲೊಫೆನಾಕ್ ಔಷಧ. 2006ರಲ್ಲಿ ಅದಕ್ಕೆ ನಿಷೇಧ ಬಂತು. ಆದರೆ ಉಳಿದ ಕೆಲವಕ್ಕಾದರೂ ಗೂಡು ಕಟ್ಟಲು ಒಂದು ಬಂಡೆ ಬೇಕಲ್ಲವೇ?

ನಾವು ಏನು ಮಾಡಬಹುದು?

ಪ್ರಾರ್ಥನೆ ಬೇಕು, ಅದರ ಜೊತೆಗೆ ತಿಳಿವಳಿಕೆಯೂ ಬೇಕು. ಕಾನೂನು ನಮ್ಮ ಕೈಗೆ ಕೆಲವು ಸಾಧನಗಳನ್ನು ಕೊಟ್ಟಿದೆ. 2012ರ ಫೆಬ್ರವರಿ 27ರಂದು ಸುಪ್ರೀಂ ಕೋರ್ಟು, ಐದು ಹೆಕ್ಟೇರಿಗಿಂತ ಚಿಕ್ಕ ಕೋರೆಗಳಿಗೂ ಪರಿಸರ ಅನುಮತಿ ಬೇಕೆಂದು ಹೇಳಿತು. ಜಲ್ಲಿ ಕ್ರಷರ್‌ಗಳು ಎಲ್ಲಿರಬೇಕೆಂದು ನಿಯಂತ್ರಿಸಲು ರಾಜ್ಯದಲ್ಲಿ 2011ರ ಕಾಯಿದೆಯಿದೆ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳ ಗಡಿಯಿಂದ ಒಂದು ಕಿಲೋಮೀಟರಿನೊಳಗೆ ಗಣಿಗಾರಿಕೆ ಕೂಡದೆಂಬ ಮಾತನ್ನು ನ್ಯಾಯಾಲಯ 2023ರ ಏಪ್ರಿಲ್‌ನಲ್ಲೂ ಎತ್ತಿಹಿಡಿದಿದೆ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನಕ್ಕೂ ಕಾವೇರಿ ಅಭಯಾರಣ್ಯಕ್ಕೂ ಹತ್ತಿರವಿರುವ ನಮಗೆ ಇದು ಮುಖ್ಯ. ಗಣಿಯಿಂದ ಬಾಧಿತರಾದ ಜನರ ಹಿತಕ್ಕೆಂದು 2015ರಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದವು. ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರ ಇವಕ್ಕೆ ಅದರ ಹಣದಲ್ಲಿ ಮೊದಲ ಪಾಲು. ನಿಮ್ಮ ಊರಿಗೆ ಅದರಿಂದ ಏನು ಬಂತೆಂದು ಗ್ರಾಮಸಭೆಯಲ್ಲಿ ಕೇಳಿ. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಗುತ್ತಿಗೆ, ಅನುಮತಿಯ ಪ್ರತಿಗಳನ್ನು ಕೇಳಿ ಪಡೆಯಬಹುದು.

ಮನೆ ಕಟ್ಟುವವರು, ದೇವಾಲಯ ಕಟ್ಟುವ ಗುರುಗಳೂ ಸೇರಿ, ಕಲ್ಲು-ಜಲ್ಲಿ ಕೊಳ್ಳುವಾಗ ಪರ್ಮಿಟ್ಟಿನ ಚೀಟಿ ಕೇಳೋಣ. ಅಗತ್ಯಕ್ಕೆ ಕಟ್ಟೋಣ, ನೆರೆಯವರಿಗೆ ತೋರಿಸಲು ಕಟ್ಟುವುದು ಬೇಡ. ಕೋರೆಯ ಮಾಲೀಕರು ನಮ್ಮ ನಡುವೆ ಇದ್ದರೆ ಅವರಲ್ಲಿ ನನ್ನ ವಿನಂತಿ: ಕೂಲಿಯನ್ನು ಹೊತ್ತಿಗೆ ಸರಿಯಾಗಿ ಕೊಡಿ, ಧೂಳಿಗೆ ನೀರು ಹಾಕಿಸಿ, ಹೊಂಡಕ್ಕೆ ಬೇಲಿ ಹಾಕಿಸಿ. ಇದು ದಾನವಲ್ಲ, ನ್ಯಾಯ. 1891ರಲ್ಲೇ ಪೋಪ್ ಹದಿಮೂರನೇ ಲಿಯೋರವರು ಕಾರ್ಮಿಕರ ಪರವಾಗಿ ಬರೆದ ವಿಶ್ವಪರಿಪತ್ರದ ತಿರುಳೂ ಇದೇ. ಕೋರೆಯಲ್ಲಿ ದುಡಿಯುವ ಸಹೋದರರೇ, ನಿಮ್ಮ ದುಡಿಮೆ ಪಾಪವಲ್ಲ. ಅದರ ಬಗ್ಗೆ ತಲೆತಗ್ಗಿಸಬೇಡಿ. ಆದರೆ ನಿಮ್ಮ ಎದೆಯನ್ನು ಕಾಪಾಡಿಕೊಳ್ಳಿ, ಮಕ್ಕಳಿಗೆ ಬೇರೆ ಕಸುಬಿನ ದಾರಿಯನ್ನೂ ಈಗಲೇ ತೆರೆದಿಡಿ.

ಅಂದು ನನ್ನನ್ನು ಕೇಳಿದ ಇಬ್ಬರ ವಿಷಯ ಹೇಳಿ ಮುಗಿಸುತ್ತೇನೆ. ಎರಡು ವಾರ ಬಿಟ್ಟು ಇಬ್ಬರನ್ನೂ ಕೂಡಿಸಿ ಮಾತನಾಡಿಸಿದೆ. ಮೊದಲರ್ಧ ಗಂಟೆ ಜಗಳವೇ ಆಯಿತು. ಆಮೇಲೆ ಆ ಸಹೋದರರು ಮೆಲ್ಲನೆ ಹೇಳಿದರು: "ಅಕ್ಕ, ನಿಮ್ಮ ಸೊಪ್ಪಿನ ಮೇಲೆ ಕೂರೋ ಧೂಳು ಮೊದ್ಲು ನನ್ನ ಮೂಗಿಗೇ ಹೋಗದು." ಆ ಒಂದು ಮಾತಿನಿಂದ ಇಬ್ಬರೂ ಒಂದೇ ಕಡೆಯವರಾದರು. ಕೋರೆ ಮುಚ್ಚಬೇಕೋ ಬೇಡವೋ ಎಂಬಲ್ಲಿ ಅವರಿಗೆ ಇಂದಿಗೂ ಒಮ್ಮತವಿಲ್ಲ. ಆದರೆ ಕ್ರಷರ್‌ಗೆ ನೀರಿನ ತುಂತುರು, ಹಳೆಯ ಹೊಂಡಕ್ಕೆ ಬೇಲಿ ಬೇಕೆಂಬ ಅರ್ಜಿಗೆ ಇಬ್ಬರೂ ರುಜು ಹಾಕಿದರು. ಬೇರೆ ಧರ್ಮದ ನೆರೆಯವರೂ ಹಾಕಿದರು. ಬೇಲಿ ಬಂದಿದೆ. ನೀರಿನ ತುಂತುರು ಕೆಲವು ದಿನ ಇರುತ್ತದೆ, ಕೆಲವು ದಿನ ಇರುವುದಿಲ್ಲ. ಇಲ್ಲದ ದಿನ ಇಬ್ಬರಲ್ಲಿ ಒಬ್ಬರು ನನಗೆ ಫೋನ್ ಮಾಡುತ್ತಾರೆ. ನಾನು ಪಂಚಾಯಿತಿಗೆ ಮಾಡುತ್ತೇನೆ. ಸಮತೋಲನವೆಂದರೆ ಒಮ್ಮೆ ತೂಗಿ ಇಟ್ಟುಬಿಡುವುದಲ್ಲ, ದಿನವೂ ಕಾಯುವುದು ಎಂದು ಅವರಿಬ್ಬರೂ ನನಗೆ ಕಲಿಸಿದ್ದಾರೆ.

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಮನೆಯ ಕಲ್ಲು, ಮರಳು, ಜಲ್ಲಿ ಎಲ್ಲಿಂದ ಬಂದದ್ದು? ಕೊಳ್ಳುವಾಗ ಬೆಲೆ ಬಿಟ್ಟು ಬೇರೇನಾದರೂ ಕೇಳಿದ್ದೆವೇ?

2. ನಮ್ಮ ಊರಿನಲ್ಲಿ ಬೇಲಿಯಿಲ್ಲದ ಹೊಂಡಗಳಿವೆಯೇ? ಮಕ್ಕಳಿಗೆ ಅವುಗಳ ಅಪಾಯ ಹೇಳಿಕೊಟ್ಟಿದ್ದೇವೆಯೇ?

3. ನಾವು 'ತೋಡಿ ಮುಚ್ಚದೆ ಬಿಟ್ಟ ಗುಂಡಿ' ಬೇರೆ ಯಾವುದಾದರೂ ಇದೆಯೇ? ತೀರಿಸದ ಕೂಲಿ, ಕೊಟ್ಟು ತಪ್ಪಿದ ಮಾತು, ನೆರೆಯವರಿಗೆ ಮಾಡಿದ ನಷ್ಟ?

ಪ್ರಾರ್ಥನೆ

ಬೆಟ್ಟಗಳನ್ನು ನಿಲ್ಲಿಸಿದ ಪಿತನೇ, ನಿನ್ನ ಭೂಮಿಯಿಂದ ನಮಗೆ ಬೇಕಾದಷ್ಟನ್ನು ತೆಗೆದುಕೊಳ್ಳುವ ಅನುಮತಿ ಕೊಟ್ಟಿರುವೆ. ಸಾಕು ಎನ್ನುವ ಮನಸ್ಸನ್ನೂ ಕೊಡು. ಬಂಡೆಯ ಧೂಳಿನಲ್ಲಿ ದುಡಿಯುವವರ ಉಸಿರನ್ನು ಕಾಪಾಡು. ನಾವು ತೆರೆದ ಗುಂಡಿಗಳನ್ನು ನಮ್ಮ ಮಕ್ಕಳಿಗೆ ಬಿಟ್ಟುಹೋಗದಂತೆ ನಮ್ಮನ್ನು ಎಚ್ಚರಿಸು. ನಮ್ಮ ಪ್ರಭು ಕ್ರಿಸ್ತರ ಮೂಲಕ ಬೇಡಿಕೊಳ್ಳುತ್ತೇವೆ. ಆಮೆನ್.